ಒಂದೇ ಬ್ಯಾಕ್‌ಫೀಲ್ಡ್, ಇಬ್ಬರು ಓಟಗಾರರು: ಹೊಸ ರನ್ನಿಂಗ್ ಬ್ಯಾಕ್‌ನ ಫ್ಯಾಂಟಸಿ ಮೌಲ್ಯವನ್ನು ಅಳೆಯುವ ಬಗೆ

ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ವಾರಗಳಲ್ಲಿ ಅಮೆರಿಕದ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಲಕ್ಷಾಂತರ ಮಂದಿ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ. ಕಾಲೇಜು ಫುಟ್ಬಾಲಿನಲ್ಲಿ ಹೆಸರು ಮಾಡಿ ಆಗಷ್ಟೇ ಎನ್‌ಎಫ್‌ಎಲ್ ಪ್ರವೇಶಿಸಿದ ತರುಣ ರನ್ನಿಂಗ್ ಬ್ಯಾಕ್ ಒಬ್ಬನಿದ್ದಾನೆ; ಅವನ ವೇಗ ಬೆರಗು ಹುಟ್ಟಿಸುವಂಥದ್ದು; ಆದರೆ ಅವನು ಸೇರಿದ ತಂಡದಲ್ಲಿ ಅದೇ ಕೆಲಸಕ್ಕೆ ಅನುಭವಿಯೊಬ್ಬ ಈಗಾಗಲೇ ನಿಂತಿದ್ದಾನೆ. ಇಂಥವನನ್ನು ತಮ್ಮ ಫ್ಯಾಂಟಸಿ ತಂಡಕ್ಕೆ ಆರಿಸಿಕೊಳ್ಳಬೇಕೆ? ಆರಿಸುವುದಾದರೆ ಎಷ್ಟನೆಯ ಸುತ್ತಿನಲ್ಲಿ?

ಉದ್ಯೋಗ ನಿಮಿತ್ತ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಹೋದ್ಯೋಗಿಗಳ ಲೀಗಿಗೆ ಆಹ್ವಾನ ಬಂದಾಗ ಮೊದಲು ಎದುರಾಗುವ ತೊಡಕುಗಳಲ್ಲಿ ಇದೂ ಒಂದು. ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ 'ಇಬ್ಬರಲ್ಲಿ ಯಾರಿಗೆ ಹೆಚ್ಚು ಸಲ ಚೆಂಡು ಸಿಗುತ್ತದೆ' ಎಂದು ಕೇಳಿಕೊಳ್ಳುತ್ತಾರೆ. ಪ್ರಶ್ನೆ ಸಹಜವಾದುದೇ ಆದರೂ ಅಪೂರ್ಣವಾದುದು. 'ಎಂತಹ ಚೆಂಡು ಸಿಗುತ್ತದೆ' ಎಂಬ ಪ್ರಶ್ನೆಯನ್ನು ಅದರೊಡನೆ ಕೇಳದಿದ್ದರೆ ಲೆಕ್ಕ ತಪ್ಪುತ್ತದೆ. 2023ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಸೇರಿದ ಜಮೀರ್ ಗಿಬ್ಸ್‌ನ ಮೊದಲ ಋತು ಇದಕ್ಕೆ ಅತ್ಯುತ್ತಮ ನಿದರ್ಶನ. ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಆಟದ ಸ್ಥೂಲ ಪರಿಚಯ

ಫ್ಯಾಂಟಸಿ ಫುಟ್ಬಾಲ್ ಎಂಬುದು ನಿಜವಾದ ಆಟಗಾರರ ಸಾಧನೆಯನ್ನು ಆಧರಿಸಿದ ಲೆಕ್ಕಾಚಾರದ ಆಟ. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ 1962ರಲ್ಲಿ ಇದರ ಕಲ್ಪನೆಗೆ ರೂಪ ನೀಡಿದರು. ಮರುವರ್ಷ ಓಕ್ಲೆಂಡ್‌ನಲ್ಲಿ ಮೊದಲ ಲೀಗ್ ಆರಂಭವಾಯಿತು. ಸಾಮಾನ್ಯವಾಗಿ ಒಂದು ಲೀಗಿನಲ್ಲಿ 10 ಅಥವಾ 12 ಮಂದಿ ಮ್ಯಾನೇಜರ್‌ಗಳಿರುತ್ತಾರೆ. ಋತು ಆರಂಭಕ್ಕೆ ಮುನ್ನ ನಡೆಯುವ ಡ್ರಾಫ್ಟ್‌ನಲ್ಲಿ ಅವರು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಒಬ್ಬ ಆಟಗಾರ ಒಂದು ತಂಡಕ್ಕೆ ಮಾತ್ರ ಸೇರುತ್ತಾನೆ. ಭಾರತದಲ್ಲಿ ಪ್ರಚಲಿತಕ್ಕೆ ಬಂದ, ಪಂದ್ಯಕ್ಕೊಂದು ತಂಡ ಕಟ್ಟುವ ಫ್ಯಾಂಟಸಿ ಕ್ರಿಕೆಟ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ಇಲ್ಲಿ ಆಯ್ಕೆಯ ತಪ್ಪನ್ನು ನಾಲ್ಕು ತಿಂಗಳ ಕಾಲ ಹೊರಬೇಕಾಗುತ್ತದೆ.

ಅಂಕ ನೀಡುವ ಕ್ರಮ ಲೀಗಿನಿಂದ ಲೀಗಿಗೆ ಬದಲಾಗಬಹುದಾದರೂ ಸಾಮಾನ್ಯವಾಗಿ ಹೀಗಿರುತ್ತದೆ: ಚೆಂಡು ಹೊತ್ತು ಓಡಿದ ಅಥವಾ ಪಾಸ್ ಹಿಡಿದು ಗಳಿಸಿದ ಪ್ರತಿ 10 ಗಜಕ್ಕೆ 1 ಅಂಕ; ಪ್ರತಿ ಟಚ್‌ಡೌನ್‌ಗೆ 6 ಅಂಕ; ಚೆಂಡು ಕೈಜಾರಿ ಎದುರಾಳಿಯ ಪಾಲಾದರೆ 2 ಅಂಕ ಕಡಿತ. ಇದರ ಜೊತೆಗೆ ಪಾಸ್ ಹಿಡಿದ ಪ್ರತಿ ಕ್ಯಾಚ್‌ಗೆ 1 ಅಂಕ ಕೊಡುವ ಪದ್ಧತಿ ಹಲವು ಲೀಗುಗಳಲ್ಲಿದೆ; ಕೆಲವು ಲೀಗುಗಳು ಅರ್ಧ ಅಂಕ ಕೊಡುತ್ತವೆ, ಇನ್ನು ಕೆಲವು ಏನನ್ನೂ ಕೊಡುವುದಿಲ್ಲ. ನೋಡಲು ಸಣ್ಣದೆನಿಸುವ ಈ ನಿಯಮವೇ ನಮ್ಮ ಪ್ರಶ್ನೆಯ ಕೀಲಿಕೈ.

ಬ್ಯಾಕ್‌ಫೀಲ್ಡ್ ಹಂಚಿಕೆ ಎಂದರೇನು?

ಕ್ವಾರ್ಟರ್‌ಬ್ಯಾಕ್‌ನ ಆಸುಪಾಸಿನಲ್ಲಿ, ತಡೆಗಾರರ ಸಾಲಿನ ಹಿಂದೆ ನಿಲ್ಲುವ ಜಾಗವೇ ಬ್ಯಾಕ್‌ಫೀಲ್ಡ್. ಅಲ್ಲಿ ನಿಂತು, ಕ್ವಾರ್ಟರ್‌ಬ್ಯಾಕ್ ಕೈಗಿತ್ತ ಚೆಂಡನ್ನು ಹೊತ್ತು ಎದುರಾಳಿಗಳ ಗುಂಪಿನೊಳಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಹಿಂದೆ ಈ ಕೆಲಸವನ್ನು ಬಹುಮಟ್ಟಿಗೆ ಒಬ್ಬನೇ ನಿರ್ವಹಿಸುವುದು ವಾಡಿಕೆಯಾಗಿತ್ತು. ಕಳೆದ ಎರಡು ದಶಕಗಳಲ್ಲಿ ಅನೇಕ ತಂಡಗಳು ಇದನ್ನು ಇಬ್ಬರಿಗೆ, ಕೆಲವೊಮ್ಮೆ ಮೂವರಿಗೆ ಹಂಚುತ್ತ ಬಂದಿವೆ. ಪ್ರತಿ ಓಟದ ಕೊನೆಯಲ್ಲಿ ನೂರಾರು ಪೌಂಡ್ ತೂಗುವ ದೇಹಗಳು ಮೇಲೆ ಬೀಳುವ ಈ ಕೆಲಸದಲ್ಲಿ ಒಬ್ಬನನ್ನೇ ದುಡಿಸಿದರೆ ಅವನು ಬೇಗ ಸವೆದುಹೋಗುತ್ತಾನೆ ಎಂಬುದು ಒಂದು ಕಾರಣ. ಬೇರೆ ಬೇರೆ ಸನ್ನಿವೇಶಗಳಿಗೆ ಬೇರೆ ಬೇರೆ ಕೌಶಲ ಬೇಕು ಎಂಬುದು ಇನ್ನೊಂದು.

ಕ್ರಿಕೆಟ್ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಬ್ಬರು ಬೌಲರ್‌ಗಳು ತಲಾ 4 ಓವರ್ ಎಸೆದರೂ ಮಧ್ಯದ ಓವರುಗಳನ್ನು ಎಸೆದವನಿಗೂ ಕೊನೆಯ ಓವರುಗಳನ್ನು ಎಸೆದವನಿಗೂ ವಿಕೆಟ್ ಸಿಗುವ ಅವಕಾಶ ಒಂದೇ ಆಗಿರುವುದಿಲ್ಲ. ಅದೇ ರೀತಿ, ಮೈದಾನದ ನಡುವೆ ಸಿಗುವ ಓಟ, ಗೋಲ್ ಗೆರೆಗೆ 2 ಗಜ ದೂರದಲ್ಲಿ ಸಿಗುವ ಓಟ ಮತ್ತು ಮೂರನೆಯ ಡೌನ್‌ನಲ್ಲಿ ಸಿಗುವ ಪಾಸ್ ಇವು ಮೂರೂ ಫ್ಯಾಂಟಸಿ ಅಂಕಗಳ ದೃಷ್ಟಿಯಿಂದ ಸಮಾನವಲ್ಲ. ಮೊದಲನೆಯದು ಬೆವರು, ಎರಡನೆಯದು ಟಚ್‌ಡೌನ್, ಮೂರನೆಯದು ಖಚಿತವಾದ ಸಣ್ಣ ಗಳಿಕೆ.

ಡೆಟ್ರಾಯಿಟ್‌ನ ಸಿದ್ಧತೆ

2022ರ ಋತುವಿನಲ್ಲಿ ಲಯನ್ಸ್ ತಂಡದ ಓಟವನ್ನು ಜಮಾಲ್ ವಿಲಿಯಮ್ಸ್ ಮತ್ತು ಡಿಆಂಡ್ರೆ ಸ್ವಿಫ್ಟ್ ಹಂಚಿಕೊಂಡಿದ್ದರು. ಗಟ್ಟಿಮುಟ್ಟಾದ ವಿಲಿಯಮ್ಸ್ 262 ಓಟಗಳಲ್ಲಿ 1,066 ಗಜ ಕ್ರಮಿಸಿ 17 ಟಚ್‌ಡೌನ್ ಗಳಿಸಿದರೆ, ಚುರುಕುಕಾಲಿನ ಸ್ವಿಫ್ಟ್ 99 ಓಟಗಳ ಜೊತೆಗೆ 48 ಕ್ಯಾಚ್ ಹಿಡಿದಿದ್ದರು. ಅಂದರೆ ಮುಖ್ಯ ತರಬೇತುದಾರ ಡಾನ್ ಕ್ಯಾಂಪ್‌ಬೆಲ್ ಮತ್ತು ಆಕ್ರಮಣ ವಿಭಾಗದ ಸಂಯೋಜಕ ಬೆನ್ ಜಾನ್ಸನ್ ಅವರ ಯೋಜನೆಯಲ್ಲಿ ಎರಡು ಸ್ಥಾನಗಳು ಸ್ಪಷ್ಟವಾಗಿ ಬೇರ್ಪಟ್ಟಿದ್ದವು.

2023ರ ವಸಂತದಲ್ಲಿ ಈ ಇಬ್ಬರೂ ತಂಡದಿಂದ ಹೊರನಡೆದರು. ವಿಲಿಯಮ್ಸ್ ಜಾಗಕ್ಕೆ ಶಿಕಾಗೊ ಬೇರ್ಸ್ ತಂಡದಲ್ಲಿದ್ದ ಡೇವಿಡ್ ಮಾಂಟ್‌ಗೊಮರಿ ಮೂರು ವರ್ಷಗಳ ಒಪ್ಪಂದದ ಮೇಲೆ ಬಂದರು. ಏಪ್ರಿಲ್ 27ರ ಡ್ರಾಫ್ಟ್‌ನಲ್ಲಿ ಲಯನ್ಸ್ ತಂಡವು 12ನೆಯ ಆಯ್ಕೆಯಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಜಮೀರ್ ಗಿಬ್ಸ್‌ನನ್ನು ಆರಿಸಿತು. ರನ್ನಿಂಗ್ ಬ್ಯಾಕ್ ಒಬ್ಬನಿಗೆ ಅಷ್ಟು ಮೇಲಿನ ಆಯ್ಕೆಯನ್ನು ವ್ಯಯಿಸಿದ್ದಕ್ಕೆ ಆಗ ಅನೇಕರು ಹುಬ್ಬೇರಿಸಿದ್ದುಂಟು. ಆದರೆ ಗಿಬ್ಸ್ 2022ರ ಕಾಲೇಜು ಋತುವಿನಲ್ಲಿ 151 ಓಟಗಳಿಂದ 926 ಗಜ ಗಳಿಸಿದ್ದಲ್ಲದೆ 44 ಕ್ಯಾಚ್ ಹಿಡಿದು 444 ಗಜ ಸೇರಿಸಿದ್ದ. ಸ್ವಿಫ್ಟ್ ತೆರವು ಮಾಡಿದ ಜಾಗಕ್ಕೆ ಅವನು ಎಷ್ಟು ಒಪ್ಪುತ್ತಾನೆ ಎಂಬುದು ಈ ಅಂಕಿಗಳಲ್ಲೇ ಇತ್ತು.

ಫ್ಯಾಂಟಸಿ ಡ್ರಾಫ್ಟ್‌ಗಳಲ್ಲಿ ಗಿಬ್ಸ್ ಮೂರನೆಯ ಸುತ್ತಿನ ಆಸುಪಾಸಿನಲ್ಲಿ ಬಿಕರಿಯಾದ. ಮಾಂಟ್‌ಗೊಮರಿ ಅವನಿಗಿಂತ ಕೆಲವು ಸುತ್ತುಗಳಷ್ಟು ತಡವಾಗಿ ಆಯ್ಕೆಯಾಗುತ್ತಿದ್ದರು. ಅನುಭವಿಗಿಂತ ಹೊಸಬನಿಗೆ ಹೆಚ್ಚು ಬೆಲೆ ಬಂದಿತ್ತು ಎಂಬುದು ಗಮನಾರ್ಹ.

ಕೂಸು ಹುಟ್ಟುವ ಮುನ್ನ ಕುಲಾವಿ?

ಸೆಪ್ಟೆಂಬರ್ 7, 2023ರಂದು ಕಾನ್ಸಾಸ್ ಸಿಟಿಯಲ್ಲಿ ನಡೆದ ಋತುವಿನ ಪ್ರಥಮ ಪಂದ್ಯದಲ್ಲಿ ಲಯನ್ಸ್ 21-20ರಿಂದ ಗೆದ್ದಿತು. ಮಾಂಟ್‌ಗೊಮರಿ 21 ಬಾರಿ ಚೆಂಡು ಹೊತ್ತು 74 ಗಜ ಮತ್ತು ಒಂದು ಟಚ್‌ಡೌನ್ ಗಳಿಸಿದರು. ಗಿಬ್ಸ್‌ಗೆ ದೊರೆತದ್ದು 7 ಓಟ ಮತ್ತು 2 ಕ್ಯಾಚ್ ಮಾತ್ರ. ಕ್ಯಾಚ್‌ಗೆ 1 ಅಂಕ ಕೊಡುವ ಲೀಗಿನಲ್ಲೂ ಅವನ ಗಳಿಕೆ ಬರೀ 8 ಅಂಕ. ಎರಡನೆಯ ವಾರ ಮಾಂಟ್‌ಗೊಮರಿ ತೊಡೆಗೆ ಪೆಟ್ಟು ಮಾಡಿಕೊಂಡಿದ್ದರಿಂದ ಮೂರನೆಯ ವಾರ ಅಟ್ಲಾಂಟಾ ವಿರುದ್ಧ ಗಿಬ್ಸ್ 17 ಬಾರಿ ಓಡಿ 80 ಗಜ ಗಳಿಸಿದ, ಟಚ್‌ಡೌನ್ ಬರಲಿಲ್ಲ. ನಾಲ್ಕನೆಯ ವಾರ ಗ್ರೀನ್ ಬೇ ನಗರದಲ್ಲಿ ಮಾಂಟ್‌ಗೊಮರಿ ಮರಳಿ ಬಂದು 32 ಓಟಗಳಲ್ಲಿ 121 ಗಜ ಹಾಗೂ 3 ಟಚ್‌ಡೌನ್ ಗಳಿಸಿದಾಗ ಹೊಸಬನ ಪಾಲು 8 ಓಟಕ್ಕೆ ಕುಸಿಯಿತು.

ಮೊದಲ ನಾಲ್ಕು ಪಂದ್ಯಗಳನ್ನು ಕೂಡಿಸಿದರೆ ಗಿಬ್ಸ್‌ನ ಖಾತೆಯಲ್ಲಿದ್ದುದು 39 ಓಟಗಳಿಂದ 179 ಗಜ, 14 ಕ್ಯಾಚ್‌ಗಳಿಂದ 70 ಗಜ, ಟಚ್‌ಡೌನ್ ಶೂನ್ಯ. ಒಟ್ಟು 38.9 ಅಂಕ, ಅಂದರೆ ಪಂದ್ಯಕ್ಕೆ ಸುಮಾರು 9.7 ಅಂಕ. ಅನಂತರ ತೊಡೆಯ ಹಿಂಭಾಗದ ಸ್ನಾಯು ನೋವಿನಿಂದ ಐದು ಮತ್ತು ಆರನೆಯ ವಾರಗಳಲ್ಲಿ ಅವನು ಆಡಲೇ ಇಲ್ಲ. ಮೂರನೆಯ ಸುತ್ತಿನ ಆಯ್ಕೆಯನ್ನು ಅವನ ಮೇಲೆ ಹೂಡಿದ ಮ್ಯಾನೇಜರ್‌ಗಳ ಸಹನೆ ಪರೀಕ್ಷೆಗೊಳಗಾದ ದಿನಗಳವು. ಸಿಕ್ಕ ಬೆಲೆಗೆ ಅವನನ್ನು ಬಿಟ್ಟುಕೊಟ್ಟವರು ಮುಂದೆ ಕೈ ಹಿಸುಕಿಕೊಳ್ಳಬೇಕಾಯಿತು.

ಬಾಗಿಲು ತೆರೆದ ಬಗೆ

ಆರನೆಯ ವಾರ ಮಾಂಟ್‌ಗೊಮರಿ ಪಕ್ಕೆಲುಬಿನ ಪೆಟ್ಟಿಗೆ ತುತ್ತಾದರು. ಅಕ್ಟೋಬರ್ 22ರಂದು ಬಾಲ್ಟಿಮೋರ್‌ನಲ್ಲಿ ಲಯನ್ಸ್ 38-6ರಿಂದ ಹೀನಾಯವಾಗಿ ಸೋತರೂ ಗಿಬ್ಸ್ 11 ಓಟಗಳಲ್ಲಿ 68 ಗಜ, 9 ಕ್ಯಾಚ್‌ಗಳಲ್ಲಿ 58 ಗಜ ಮತ್ತು ತನ್ನ ಮೊದಲ ಎನ್‌ಎಫ್‌ಎಲ್ ಟಚ್‌ಡೌನ್ ಗಳಿಸಿದ. ತಂಡದ ಸೋಲಿನಲ್ಲೂ ಅವನಿಗೆ 27.6 ಅಂಕ ಬಂದುದಕ್ಕೆ ಕಾರಣವಿದೆ. ಹಿಂದೆ ಬಿದ್ದ ತಂಡ ಓಟವನ್ನು ಬಿಟ್ಟು ಪಾಸ್‌ಗಳನ್ನು ಅವಲಂಬಿಸುತ್ತದೆ. ಪಾಸ್ ಹಿಡಿಯಬಲ್ಲ ರನ್ನಿಂಗ್ ಬ್ಯಾಕ್‌ಗೆ ಆಗಲೂ ಕೆಲಸವಿರುತ್ತದೆ. ಓಟವೊಂದನ್ನೇ ನಂಬಿದವನು ಅಂಥ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂರುತ್ತಾನೆ.

ಅಕ್ಟೋಬರ್ 30ರ ಸೋಮವಾರ ರಾತ್ರಿ ಲಾಸ್ ವೇಗಸ್ ರೈಡರ್ಸ್ ವಿರುದ್ಧ ಗಿಬ್ಸ್ 26 ಓಟಗಳಲ್ಲಿ 152 ಗಜ, 5 ಕ್ಯಾಚ್‌ಗಳಲ್ಲಿ 37 ಗಜ ಹಾಗೂ ಒಂದು ಟಚ್‌ಡೌನ್ ಗಳಿಸಿದ. ಮುಂದಿನ ವಾರ ತಂಡಕ್ಕೆ ಬಿಡುವಿತ್ತು. ಮಾಂಟ್‌ಗೊಮರಿ ಮರಳಿದ ಮೇಲೆ ಗಿಬ್ಸ್ ಮತ್ತೆ ಮೂಲೆಗುಂಪಾಗುತ್ತಾನೆ ಎಂಬ ಶಂಕೆ ಆಗ ವ್ಯಾಪಕವಾಗಿತ್ತು. ನವೆಂಬರ್ 12ರಂದು ಚಾರ್ಜರ್ಸ್ ವಿರುದ್ಧ 41-38ರಿಂದ ಗೆದ್ದ ಪಂದ್ಯ ಆ ಶಂಕೆಯನ್ನು ನಿವಾರಿಸಿತು. ಮಾಂಟ್‌ಗೊಮರಿ 12 ಓಟಗಳಲ್ಲಿ 116 ಗಜ ಮತ್ತು ಒಂದು ಟಚ್‌ಡೌನ್ ಗಳಿಸಿದರೆ, ಗಿಬ್ಸ್ 14 ಓಟಗಳಲ್ಲಿ 77 ಗಜ, 2 ಟಚ್‌ಡೌನ್ ಮತ್ತು 3 ಕ್ಯಾಚ್‌ಗಳೊಡನೆ 26.2 ಅಂಕ ತಂದುಕೊಟ್ಟ. ಒಬ್ಬನ ಏಳಿಗೆಗೆ ಇನ್ನೊಬ್ಬನ ಪತನ ಅಗತ್ಯವಲ್ಲ ಎಂಬುದು ಅಂದು ಸಿದ್ಧವಾಯಿತು.

ಏಳನೆಯ ವಾರದಿಂದ ಋತುವಿನ ಅಂತ್ಯದವರೆಗೆ ಆಡಿದ 11 ಪಂದ್ಯಗಳಲ್ಲಿ ಗಿಬ್ಸ್ 11 ಟಚ್‌ಡೌನ್ ಗಳಿಸಿದ. ಪಂದ್ಯಕ್ಕೆ ಸರಾಸರಿ 18.6 ಅಂಕಗಳಿಗೂ ಹೆಚ್ಚು. ಆರಂಭದ ಸರಾಸರಿಯ ಹತ್ತಿರ ಹತ್ತಿರ ಇಮ್ಮಡಿ!

ಅಂಕಿಗಳು ಹೇಳುವ ಸತ್ಯ

ಋತುವಿನ ಒಟ್ಟು ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಗಿಬ್ಸ್ (15 ಪಂದ್ಯ): 182 ಓಟ, 945 ಗಜ, 10 ಟಚ್‌ಡೌನ್, 52 ಕ್ಯಾಚ್, 316 ಗಜ, 1 ಟಚ್‌ಡೌನ್.

ಮಾಂಟ್‌ಗೊಮರಿ (14 ಪಂದ್ಯ): 219 ಓಟ, 1,015 ಗಜ, 13 ಟಚ್‌ಡೌನ್, 16 ಕ್ಯಾಚ್, 117 ಗಜ.

ಓಟ ಮತ್ತು ಕ್ಯಾಚ್‌ಗಳನ್ನು ಕೂಡಿಸಿದರೆ ಗಿಬ್ಸ್ ಕೈಗೆ ಚೆಂಡು ಬಂದುದು 234 ಬಾರಿ, ಮಾಂಟ್‌ಗೊಮರಿ ಕೈಗೆ 235 ಬಾರಿ. ಹಂಚಿಕೆ ಎಂದರೆ ಅಕ್ಷರಶಃ ಅರ್ಧರ್ಧ! ಕ್ಯಾಚ್‌ಗೆ ಅಂಕವಿಲ್ಲದ ಲೀಗಿನಲ್ಲಿ, ಕೈಜಾರಿದ ಚೆಂಡಿನ ದಂಡವನ್ನು ಬಿಟ್ಟು ಎಣಿಸಿದರೆ, ಗಿಬ್ಸ್‌ಗೆ 192.1 ಅಂಕ, ಮಾಂಟ್‌ಗೊಮರಿಗೆ 191.2 ಅಂಕ. ವ್ಯತ್ಯಾಸ ಒಂದು ಅಂಕಕ್ಕಿಂತಲೂ ಕಡಿಮೆ. ಆದರೆ ಕ್ಯಾಚ್‌ಗೆ 1 ಅಂಕವಿರುವ ಲೀಗಿನಲ್ಲಿ ಗಿಬ್ಸ್‌ಗೆ 244.1, ಮಾಂಟ್‌ಗೊಮರಿಗೆ 207.2. ಅಂತರ 36.9 ಅಂಕ, ಅದರಲ್ಲಿ 36 ಅಂಕಗಳು ಕೇವಲ ಕ್ಯಾಚ್‌ಗಳ ಸಂಖ್ಯೆಯ ವ್ಯತ್ಯಾಸದಿಂದ ಬಂದವು.

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಆ ಋತುವಿನಲ್ಲಿ ಗಿಬ್ಸ್‌ನ ಒಂದು ಓಟ ಸರಾಸರಿ 5.2 ಗಜ ತಂದಿತು. ಟಚ್‌ಡೌನ್ ಬಿಟ್ಟರೆ ಅದರ ಬೆಲೆ ಅರ್ಧ ಅಂಕ. ಅವನ ಒಂದು ಕ್ಯಾಚ್ ಸರಾಸರಿ 6.1 ಗಜ ತಂದಿತು. ಅದರ ಬೆಲೆ 1.6 ಅಂಕ. ಅಂದರೆ ಒಂದು ಕ್ಯಾಚ್ ಮೂರು ಓಟಗಳಿಗೆ ಸಮ. ಹೀಗಾಗಿ ಡ್ರಾಫ್ಟ್‌ಗೆ ಕೂರುವ ಮುನ್ನ ತಮ್ಮ ಲೀಗಿನ ಅಂಕ ನಿಯಮವನ್ನು ಓದಿಕೊಳ್ಳದವನು, ಸಂತೆಗೆ ಹೋಗಿ ತೂಕದ ಬಟ್ಟನ್ನು ನೋಡದೆ ಸರಕು ಕೊಂಡವನಂತೆ.

ಹಿಂದಿನ ನಿದರ್ಶನಗಳು

ಗಿಬ್ಸ್‌ನದು ಒಂಟಿ ಉದಾಹರಣೆಯೇನಲ್ಲ. 2006ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡದ ಹೊಸಬ ಮಾರಿಸ್ ಜೋನ್ಸ್-ಡ್ರೂ ಹಿರಿಯ ಆಟಗಾರ ಫ್ರೆಡ್ ಟೇಲರ್ ಅವರೊಡನೆ ಬ್ಯಾಕ್‌ಫೀಲ್ಡ್ ಹಂಚಿಕೊಂಡ. ಟೇಲರ್ 231 ಓಟಗಳಿಂದ 1,146 ಗಜ ಗಳಿಸಿ 5 ಟಚ್‌ಡೌನ್ ತಂದರು. ಜೋನ್ಸ್-ಡ್ರೂ 166 ಓಟಗಳಿಂದಲೇ 941 ಗಜ ಮತ್ತು 13 ಟಚ್‌ಡೌನ್ ಗಳಿಸಿ, 46 ಕ್ಯಾಚ್‌ಗಳಿಂದ 436 ಗಜ ಹಾಗೂ ಇನ್ನೆರಡು ಟಚ್‌ಡೌನ್ ಸೇರಿಸಿದ. ಓಟಗಳ ಸಂಖ್ಯೆಯಲ್ಲಿ ಹಿಂದಿದ್ದವನು ಫ್ಯಾಂಟಸಿ ಲೆಕ್ಕದಲ್ಲಿ ಮುಂದಾದ.

2017ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಸೇರಿದ ಆಲ್ವಿನ್ ಕಮಾರಾನ ಕಥೆ ಇನ್ನೂ ವಿಸ್ಮಯಕರ. 67ನೆಯ ಆಯ್ಕೆಯಾಗಿ ಬಂದ ಅವನ ಮುಂದೆ ಮಾರ್ಕ್ ಇಂಗ್ರಾಮ್ ಮತ್ತು ಏಡ್ರಿಯನ್ ಪೀಟರ್ಸನ್ ಇಬ್ಬರೂ ಇದ್ದರು. ಅಕ್ಟೋಬರ್ 10ರಂದು ಪೀಟರ್ಸನ್ ಅರಿಜೋನಾ ತಂಡಕ್ಕೆ ವರ್ಗವಾದರು. ಋತು ಮುಗಿದಾಗ ಕಮಾರಾ 120 ಓಟಗಳಿಂದ 728 ಗಜ ಹಾಗೂ 8 ಟಚ್‌ಡೌನ್, 81 ಕ್ಯಾಚ್‌ಗಳಿಂದ 826 ಗಜ ಹಾಗೂ 5 ಟಚ್‌ಡೌನ್ ಗಳಿಸಿದ್ದ. ಇಂಗ್ರಾಮ್ 230 ಓಟಗಳಿಂದ 1,124 ಗಜ, 12 ಟಚ್‌ಡೌನ್ ಮತ್ತು 58 ಕ್ಯಾಚ್‌ಗಳಿಂದ 416 ಗಜ ಗಳಿಸಿದರು. ಓಟ ಮತ್ತು ಪಾಸ್ ಸೇರಿ ಒಂದೇ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳೂ ತಲಾ 1,500 ಗಜ ದಾಟಿದ್ದು ಎನ್‌ಎಫ್‌ಎಲ್ ಇತಿಹಾಸದಲ್ಲೇ ಪ್ರಥಮ. ಕಮಾರಾಗೆ ಚೆಂಡು ಸಿಕ್ಕಿದ್ದು 201 ಬಾರಿ, ಇಂಗ್ರಾಮ್‌ಗೆ 288 ಬಾರಿ. ಆದರೂ ಕ್ಯಾಚ್‌ಗೆ 1 ಅಂಕ ನೀಡುವ ಲೀಗುಗಳಲ್ಲಿ ಕಮಾರಾನೇ ಸುಮಾರು 30 ಅಂಕ ಮುಂದಿದ್ದ. ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರ ಪ್ರಶಸ್ತಿಯೂ ಅವನಿಗೇ ಸಂದಿತು.

ನಿರೀಕ್ಷೆ ಹುಸಿಯಾದ ಪ್ರಸಂಗಗಳು

ಯಶಸ್ಸಿನ ಕಥೆಗಳನ್ನಷ್ಟೇ ಓದಿದವನು ಮೋಸ ಹೋಗುವ ಸಂಭವ ಹೆಚ್ಚು. 2018ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡವು 27ನೆಯ ಆಯ್ಕೆಯಲ್ಲಿ ರಶಾದ್ ಪೆನ್ನಿಯನ್ನು ಆರಿಸಿತು. ಆದರೆ ಹಿಂದಿನ ವರ್ಷ ಏಳನೆಯ ಸುತ್ತಿನಲ್ಲಿ ಬಂದಿದ್ದ ಕ್ರಿಸ್ ಕಾರ್ಸನ್ ಮೈದಾನದಲ್ಲಿ ಸ್ಥಾನ ಬಿಟ್ಟುಕೊಡಲಿಲ್ಲ. ಕಾರ್ಸನ್ 247 ಓಟಗಳಿಂದ 1,151 ಗಜ ಗಳಿಸಿದರೆ, ಪೆನ್ನಿಯ ಪಾಲಿಗೆ ಬಂದದ್ದು 85 ಓಟ, 419 ಗಜ ಮತ್ತು 2 ಟಚ್‌ಡೌನ್. ಕ್ಯಾಚ್‌ಗಳು ಬರೀ 9. ಓಟವೂ ಅರ್ಧವಾಗಿ, ಪಾಸೂ ಕೈಗೆ ಬಾರದಿದ್ದರೆ ಗತಿ ಇದು. ಅದೇ ವರ್ಷ ಟ್ಯಾಂಪಾ ಬೇ ತಂಡ 38ನೆಯ ಆಯ್ಕೆಯಲ್ಲಿ ತಂದ ರೊನಾಲ್ಡ್ ಜೋನ್ಸ್ ಇಡೀ ಋತುವಿನಲ್ಲಿ 23 ಓಟಗಳಿಂದ ಗಳಿಸಿದ್ದು 44 ಗಜ!

ತಡವಾಗಿ ಫಲ ಕೊಟ್ಟವರೂ ಇದ್ದಾರೆ. ಕಾಲೇಜು ಫುಟ್ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದು 2016ರಲ್ಲಿ ಟೆನ್ನೆಸ್ಸಿ ಟೈಟನ್ಸ್ ಸೇರಿದ ಡೆರಿಕ್ ಹೆನ್ರಿ ಮೊದಲ ವರ್ಷ ಡಿಮಾರ್ಕೊ ಮರ್ರಿಯ ನೆರಳಿನಲ್ಲಿ 110 ಬಾರಿ ಮಾತ್ರ ಓಡಿ 490 ಗಜ ಗಳಿಸಿದ. ಅದೇ ಹೆನ್ರಿ 2020ರಲ್ಲಿ 2,027 ಗಜ ಓಡಿ ಲೀಗನ್ನೇ ಬೆರಗುಗೊಳಿಸಿದ. 2018ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ನಿಕ್ ಚಬ್ ಮೊದಲ ಆರು ಪಂದ್ಯಗಳಲ್ಲಿ 16 ಓಟಗಳಿಗೆ ಸೀಮಿತನಾಗಿದ್ದ. ಅಕ್ಟೋಬರ್ 19ರಂದು ಹಿರಿಯ ಆಟಗಾರ ಕಾರ್ಲೊಸ್ ಹೈಡ್ ಬೇರೆ ತಂಡಕ್ಕೆ ವರ್ಗವಾದ ಮೇಲೆ ಉಳಿದ 10 ಪಂದ್ಯಗಳಲ್ಲಿ 176 ಬಾರಿ ಓಡಿ ಋತುವನ್ನು 996 ಗಜಗಳೊಂದಿಗೆ ಮುಗಿಸಿದ. ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಲೀಗುಗಳಲ್ಲಿ ಹೆನ್ರಿಯಂಥವರಿಗಾಗಿ ಕಾಯುವುದು ವಿವೇಕ. ಒಂದೇ ಋತುವಿನ ಲೀಗಿನಲ್ಲಿ ಅದು ದುಬಾರಿ.

ಅಳೆಯುವ ಮಾನದಂಡಗಳು

ಮೇಲಿನ ನಿದರ್ಶನಗಳಿಂದ ಕೆಲವು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು. ಡ್ರಾಫ್ಟ್‌ಗೆ ಮುನ್ನ ಇವುಗಳಿಗೆ ಉತ್ತರ ಕಂಡುಕೊಳ್ಳುವುದು ಲೇಸು.

1. ಕಾಲೇಜಿನಲ್ಲಿ ಪಾಸ್ ಹಿಡಿದಿದ್ದಾನೆಯೇ? ಗಿಬ್ಸ್‌ನ 44 ಕ್ಯಾಚ್‌ಗಳು ಮುನ್ಸೂಚನೆಯಾಗಿದ್ದವು. ಹಂಚಿಕೆಯ ಬ್ಯಾಕ್‌ಫೀಲ್ಡ್‌ನಲ್ಲಿ ಹೊಸಬನಿಗೆ ಇದೇ ಮೊದಲ ಆಧಾರ.

2. ತಂಡ ಅವನಿಗೆ ಎಷ್ಟು ಬೆಲೆ ತೆತ್ತಿದೆ? ಮೊದಲ ಸುತ್ತಿನ ಆಯ್ಕೆಯನ್ನು ತಂಡ ಸುಲಭವಾಗಿ ಕೈಬಿಡುವುದಿಲ್ಲ. ಆದರೂ ಪೆನ್ನಿಯ ಪ್ರಸಂಗ ತೋರಿಸುವಂತೆ ಇದೊಂದೇ ಸಾಲದು.

3. ಜೊತೆಗಾರ ಎಂಥವನು? ಇಬ್ಬರ ಗುಣಗಳು ಭಿನ್ನವಾಗಿದ್ದರೆ ಕೆಲಸ ಹಂಚಿಹೋಗುತ್ತದೆ. ಒಂದೇ ಬಗೆಯವರಾಗಿದ್ದರೆ ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯುತ್ತಾರೆ. ಅವನ ವಯಸ್ಸು, ಒಪ್ಪಂದದ ಉಳಿದ ಅವಧಿ, ಗಾಯದ ಇತಿಹಾಸಗಳನ್ನೂ ನೋಡಬೇಕು.

4. ತರಬೇತುದಾರರ ರೂಢಿಯೇನು? 2022ರಲ್ಲಿ ವಿಲಿಯಮ್ಸ್ ಮತ್ತು ಸ್ವಿಫ್ಟ್ ವಹಿಸಿದ್ದ ಪಾತ್ರಗಳನ್ನೇ 2023ರಲ್ಲಿ ಮಾಂಟ್‌ಗೊಮರಿ ಮತ್ತು ಗಿಬ್ಸ್ ವಹಿಸಿಕೊಂಡರು.

5. ಕ್ವಾರ್ಟರ್‌ಬ್ಯಾಕ್ ಸ್ವತಃ ಓಡುವವನೇ? 2020ರಲ್ಲಿ ಬಾಲ್ಟಿಮೋರ್‌ನ ಹೊಸಬ ಜೆ.ಕೆ. ಡಾಬಿನ್ಸ್ 805 ಗಜ ಹಾಗೂ 9 ಟಚ್‌ಡೌನ್ ಗಳಿಸಿದರೂ ಅವನ ಕ್ಯಾಚ್‌ಗಳು 18ಕ್ಕೆ ನಿಂತವು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ತಾನೇ 1,005 ಗಜ ಓಡಿದ್ದ. ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಒತ್ತಡದಲ್ಲಿ ಪಕ್ಕದವನಿಗೆ ಸಣ್ಣ ಪಾಸ್ ಕೊಡುವ ಬದಲು ತಾನೇ ಚೆಂಡು ಹೊತ್ತು ನುಗ್ಗುತ್ತಾನೆ.

6. ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಒದಗಿಸುವುದನ್ನು ಕಲಿತಿದ್ದಾನೆಯೇ? ಪಾಸ್ ಎಸೆಯುವಾಗ ನುಗ್ಗಿಬರುವ ಎದುರಾಳಿಯನ್ನು ಗುರುತಿಸಿ ತಡೆಯುವುದು ರನ್ನಿಂಗ್ ಬ್ಯಾಕ್‌ನ ಕರ್ತವ್ಯ. ಇದಕ್ಕೆ ಫ್ಯಾಂಟಸಿ ಅಂಕವಿಲ್ಲ. ಆದರೆ ಇದನ್ನು ಕಲಿಯದ ಹೊಸಬನನ್ನು ಮುಖ್ಯ ಸಂದರ್ಭಗಳಲ್ಲಿ ತರಬೇತುದಾರರು ಮೈದಾನಕ್ಕೆ ಇಳಿಸುವುದಿಲ್ಲ. ಅನೇಕ ಹೊಸಬರ ಋತು ನಿಧಾನವಾಗಿ ಆರಂಭವಾಗಲು ಇದೇ ಕಾರಣ.

ಮ್ಯಾನೇಜರ್‌ಗೆ ಪ್ರಾಯೋಗಿಕ ಸಲಹೆ

ಹೊಸಬನನ್ನು ಆರಿಸಿದವರು ಅವನನ್ನು ಮೊದಲ ತಿಂಗಳು ಎರಡನೆಯ ರನ್ನಿಂಗ್ ಬ್ಯಾಕ್ ಎಂದೋ, ಸಾಮಾನ್ಯವಾಗಿ ರನ್ನಿಂಗ್ ಬ್ಯಾಕ್, ವೈಡ್ ರಿಸೀವರ್ ಅಥವಾ ಟೈಟ್ ಎಂಡ್ ಒಬ್ಬನನ್ನು ಆಡಿಸಬಹುದಾದ ಫ್ಲೆಕ್ಸ್ ಸ್ಥಾನಕ್ಕೆಂದೋ ಭಾವಿಸುವುದು ಸೂಕ್ತ. ಅವನ ಮೇಲೆಯೇ ತಂಡ ನಿಲ್ಲುವಂತಿರಬಾರದು. ಸೆಪ್ಟೆಂಬರ್‌ನಲ್ಲಿ ಅಂಕ ತರಬಲ್ಲ ಅನುಭವಿಗಳು ಜೊತೆಗಿದ್ದರೆ ಕಾಯುವ ಶಕ್ತಿ ಬರುತ್ತದೆ. ಹೊಸಬನ ಜೊತೆಗಾರ ಕೆಳಗಿನ ಸುತ್ತಿನಲ್ಲಿ ಕಡಿಮೆ ಬೆಲೆಗೆ ಸಿಗುವುದಾದರೆ ಅವನನ್ನೂ ತೆಗೆದುಕೊಳ್ಳುವುದು ಒಂದು ವಿಮೆ. 2023ರಲ್ಲಿ ಮಾಂಟ್‌ಗೊಮರಿಯನ್ನು ಗಿಬ್ಸ್‌ಗಿಂತ ತಡವಾಗಿ ಕೊಂಡವರು ಅಗ್ಗದ ಬೆಲೆಗೆ 13 ಟಚ್‌ಡೌನ್ ಪಡೆದರು ಎಂಬುದನ್ನು ಮರೆಯುವಂತಿಲ್ಲ.

ಹೊಸಬನಿಗೆ ಮೊದಲ ಸುತ್ತಿನ ಬೆಲೆ ತೆರುವಾಗ ಇನ್ನೂ ಎಚ್ಚರ ಅಗತ್ಯ. 2023ರ ಡ್ರಾಫ್ಟ್‌ನಲ್ಲಿ 8ನೆಯ ಆಯ್ಕೆಯಾಗಿ ಅಟ್ಲಾಂಟಾ ಸೇರಿದ ಬಿಜಾನ್ ರಾಬಿನ್ಸನ್ ಫ್ಯಾಂಟಸಿ ಲೀಗುಗಳಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾಗುತ್ತಿದ್ದ. 214 ಓಟಗಳಿಂದ 976 ಗಜ, 58 ಕ್ಯಾಚ್‌ಗಳಿಂದ 487 ಗಜ ಗಳಿಸಿದರೂ ಅವನ ಟಚ್‌ಡೌನ್ 8ಕ್ಕೆ ನಿಂತಿತು. ಜೊತೆಗಾರ ಟೈಲರ್ ಆಲ್ಜಿಯರ್ 186 ಬಾರಿ ಓಡಿದರು. ಕ್ಯಾಚ್‌ಗೆ 1 ಅಂಕವಿರುವ ಲೀಗಿನಲ್ಲಿ ಅವನ ಒಟ್ಟು ಗಳಿಕೆ ಗಿಬ್ಸ್‌ಗಿಂತ ತುಸುವೇ ಹೆಚ್ಚು. ಅದೂ ಎರಡು ಪಂದ್ಯ ಹೆಚ್ಚು ಆಡಿ. ಬೆಲೆಯಲ್ಲಿ ಮಾತ್ರ ಎರಡು ಸುತ್ತುಗಳ ಅಂತರವಿತ್ತು. ಆಟಗಾರ ಒಳ್ಳೆಯವನೇ ಎಂಬುದು ಒಂದು ಪ್ರಶ್ನೆ, ಕೊಟ್ಟ ಬೆಲೆ ಸರಿಯೇ ಎಂಬುದು ಮತ್ತೊಂದು.

ಕರ್ನಾಟಕದಲ್ಲಿದ್ದು ಈ ಆಟದಲ್ಲಿ ಆಸಕ್ತಿ ಹೊಂದಿರುವವರು ಗಮನಿಸಬೇಕಾದ ವಿಷಯವೊಂದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಣವಿಲ್ಲದೆ ಮಿತ್ರರೊಡನೆ ಆಡಿದರೂ ಈ ಆಟದ ಸ್ವಾರಸ್ಯವೇನೂ ಕಡಿಮೆಯಾಗದು.

ಅಂಕಗಳಾಚೆಗಿನ ಲೆಕ್ಕ

ಫ್ಯಾಂಟಸಿ ಮ್ಯಾನೇಜರ್ ಹಂಚಿಕೆಯನ್ನು ಶಾಪವೆಂದು ಭಾವಿಸುತ್ತಾನೆ. ಆಟಗಾರನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ರನ್ನಿಂಗ್ ಬ್ಯಾಕ್‌ನ ವೃತ್ತಿಜೀವನ ಈ ಆಟದಲ್ಲಿ ಅತ್ಯಂತ ಕಿರಿದಾದವುಗಳಲ್ಲಿ ಒಂದು. ಮೊದಲ ಒಪ್ಪಂದದ ನಾಲ್ಕು ವರ್ಷಗಳಲ್ಲಿ ಅವನ ವೇತನವನ್ನು ಬಹುಮಟ್ಟಿಗೆ ಡ್ರಾಫ್ಟ್‌ನ ಸ್ಥಾನವೇ ನಿರ್ಧರಿಸಿರುತ್ತದೆ. ದೇಹ ಅತಿ ಹೆಚ್ಚು ದುಡಿಯುವುದೂ ಅದೇ ವರ್ಷಗಳಲ್ಲಿ. 2023ರ ಜುಲೈ 17ರಂದು, ಅಂದರೆ ಗಿಬ್ಸ್ ತನ್ನ ಮೊದಲ ಪಂದ್ಯ ಆಡುವ ಎರಡು ತಿಂಗಳಿಗೂ ಕಡಿಮೆ ಅವಧಿಯ ಮುನ್ನ, ಸಾಕ್ವಾನ್ ಬಾರ್ಕ್ಲಿ, ಜಾಶ್ ಜೇಕಬ್ಸ್ ಮತ್ತು ಟೋನಿ ಪೊಲಾರ್ಡ್ ಎಂಬ ಮೂವರು ಹೆಸರಾಂತ ರನ್ನಿಂಗ್ ಬ್ಯಾಕ್‌ಗಳಿಗೆ ದೀರ್ಘಾವಧಿ ಒಪ್ಪಂದ ದೊರೆಯದೆ ಗಡುವು ಮುಗಿದುಹೋಯಿತು. ಬೆವರು ಸುರಿಸಿ ದುಡಿದವನಿಗೆ ಬೆಲೆ ಕಟ್ಟುವ ಹೊತ್ತಿಗೆ, ಅವನು ಈಗಾಗಲೇ ಸವೆದಿದ್ದಾನೆ ಎಂದು ತಂಡಗಳು ಹೇಳುವ ವಿಪರ್ಯಾಸ ಇದು.

ಈ ಹಿನ್ನೆಲೆಯಲ್ಲಿ, ಭಾರವನ್ನು ಇನ್ನೊಬ್ಬನೊಡನೆ ಹಂಚಿಕೊಂಡ ಹೊಸಬ ಅದೃಷ್ಟವಂತನೆಂದೇ ಹೇಳಬೇಕು. ಗಿಬ್ಸ್ ಮತ್ತು ಮಾಂಟ್‌ಗೊಮರಿ ಜೋಡಿ ವಿಡಿಯೋ ಆಟದ ಪಾತ್ರಗಳಾದ 'ಸೋನಿಕ್' ಮತ್ತು 'ನಕಲ್ಸ್' ಎಂಬ ಅಡ್ಡಹೆಸರಿನಿಂದ ಪ್ರಸಿದ್ಧವಾಯಿತು. ಒಬ್ಬ ವೇಗಕ್ಕೆ, ಇನ್ನೊಬ್ಬ ಬಲಕ್ಕೆ. 2024ರಲ್ಲೂ ಹಂಚಿಕೆ ಮುಂದುವರಿಯಿತು. ಮಾಂಟ್‌ಗೊಮರಿ 185 ಬಾರಿ ಓಡಿ 12 ಟಚ್‌ಡೌನ್ ಗಳಿಸಿದರು. ಗಿಬ್ಸ್ 250 ಓಟಗಳಿಂದ 1,412 ಗಜ, 52 ಕ್ಯಾಚ್‌ಗಳಿಂದ 517 ಗಜ ಮತ್ತು ಒಟ್ಟು 20 ಟಚ್‌ಡೌನ್ ಗಳಿಸಿ ಫ್ಯಾಂಟಸಿ ಲೀಗುಗಳ ಮುಂಚೂಣಿಯಲ್ಲಿ ನಿಂತ. ಕ್ಯಾಚ್‌ಗಳ ಸಂಖ್ಯೆ ಎರಡೂ ವರ್ಷ 52 ಎಂಬುದು ಕುತೂಹಲದ ಸಂಗತಿ. ಓಟದ ಪಾಲು ಹಿಗ್ಗಬಹುದು, ಕುಗ್ಗಬಹುದು. ಪಾಸ್ ಹಿಡಿಯುವವನ ಪಾಲು ಅಷ್ಟು ಸುಲಭವಾಗಿ ಅಲುಗುವುದಿಲ್ಲ.

ಆದ್ದರಿಂದ ಮುಂದಿನ ಆಗಸ್ಟ್‌ನಲ್ಲಿ ಇಂಥ ಹೊಸಬನೊಬ್ಬನ ಹೆಸರು ಪಟ್ಟಿಯಲ್ಲಿ ಕಂಡಾಗ, ಜೊತೆಗಾರನಿದ್ದಾನೆಂಬ ಒಂದೇ ಕಾರಣಕ್ಕೆ ಅವನನ್ನು ದಾಟಿ ಹೋಗಬೇಕಿಲ್ಲ. ವೇಗವಿದೆಯೆಂಬ ಒಂದೇ ಕಾರಣಕ್ಕೆ ಮುಗಿಬೀಳಬೇಕಾಗಿಯೂ ಇಲ್ಲ. ಅವನ ಕೈಗೆ ಪಾಸ್ ಬರುವುದೇ, ಗೋಲ್ ಗೆರೆಯ ಬಳಿ ಅವನಿಗೆ ಸ್ಥಾನವಿದೆಯೇ ಎಂಬುದನ್ನು ನೋಡಿ, ಲೀಗಿನ ನಿಯಮಕ್ಕೆ ತಕ್ಕ ಬೆಲೆ ಕೊಟ್ಟು, ಅಕ್ಟೋಬರ್‌ವರೆಗೆ ಕಾದರಾಯಿತು. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಈ ಆಟಕ್ಕೂ ಸಲ್ಲುತ್ತದೆ.